ಬಾಲ್ ಹೋದ ಮೇಲೆ

ನಮ್ಮ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆಗಿದ್ದವರು ಮಂಗಳೂರು ಕಡೆಯವರು. ಇಲ್ಲಿ ಗಲ್ಫ್‌ನಲ್ಲಿ, ಅಲ್ ವುಕೈರ್ ಎಂಬಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಆಟಗಾರರನ್ನು ಪರೀಕ್ಷಿಸುವ ದಿನ ಎಲ್ಲರ ಕಣ್ಣು ಚೆಂಡಿನ ಮೇಲಿದ್ದರೆ, ಇವರು ಅದನ್ನು ಆಗಷ್ಟೇ ಕಳೆದುಕೊಂಡವನನ್ನು ನೋಡುತ್ತಿದ್ದರು. ಕೇಳಿದರೆ ಒಂದೇ ಮಾತು: "ಬಾಲ್ ಹೋದ ಮೇಲೆ ನೋಡಿ ಮಾರಾಯ್ರೆ."

ಇಲ್ಲಿನ ಕನ್ನಡಿಗರ ಲೀಗ್‌ನಲ್ಲಿ ತಂಡಗಳು ಪ್ರತಿ ವರ್ಷ ಹೊಸದಾಗಿ, ಸುತ್ತಿಗೆ ಒಬ್ಬನಂತೆ ಸರದಿಯಲ್ಲಿ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ನಾವು ಎಲ್ಲರಿಗಿಂತ ಕೆಳಗಿದ್ದೆವು. ಮತ್ತೆ ಹಾಗಾದರೆ ಲೀಗಿನಿಂದಲೇ ಹೊರಗೆ. ಅಲ್ ಮನ್ಸೂರಾದ ಹೋಟೆಲಿನಲ್ಲಿ ಆಯ್ಕೆಯ ಕೊನೆಯ ಸುತ್ತು ಬಂದಾಗ, ಗೋಲು ಹೊಡೆಯುವುದರಲ್ಲಿ ಚುರುಕಾದವನೊಬ್ಬ ಇನ್ನೂ ಉಳಿದಿದ್ದ. ಕ್ಯಾಪ್ಟನ್ ಆಗಿದ್ದ ನಾನು ಅವನೇ ಬೇಕೆಂದೆ. ಮ್ಯಾನೇಜರ್ ಮಾತ್ರ ಹೊಟ್ಟೆ ಬಂದಿದ್ದ ಅಕೌಂಟೆಂಟ್ ಒಬ್ಬನ ಹೆಸರು ಹೇಳಿದರು. ಎಲ್ಲರೂ ನಕ್ಕರು. "ಖಲಾಸ್, ಇವನೇ," ಎಂದು ಅವರು ಚಹಾ ಮುಗಿಸಿದರು.

ಮೊದಲ ಪಂದ್ಯದಲ್ಲೇ ಅಕೌಂಟೆಂಟ್‌ನ ಕಾಲಿಗೆ ತಾಗಿ ಚೆಂಡು ನಮ್ಮದೇ ಗೋಲಿಗೆ ಹೋಯಿತು. ನಾನು ಗೆರೆಯ ಬಳಿ ಓಡಿಹೋಗಿ, ಅವನನ್ನು ಹೊರಗೆ ಕರೆಯಿರಿ ಎಂದೆ.

"ಬಾಲ್ ಹೋದ ಮೇಲೆ ನೋಡಿ," ಎಂದರು, ಕೈಕಟ್ಟಿಕೊಂಡೇ.

ತಿರುಗಿ ನೋಡಿದೆ. ನಮ್ಮವರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ಅವನೊಬ್ಬ ಬಲೆಯಿಂದ ಚೆಂಡು ಎತ್ತಿಕೊಂಡು, "ಯಲ್ಲಾ, ಯಲ್ಲಾ, ಬನ್ನಿ ಬೇಗ" ಎನ್ನುತ್ತ ಮೈದಾನದ ನಡುವಿಗೆ ಓಡುತ್ತಿದ್ದ. ಕೊನೆಯ ಸೀಟಿಯವರೆಗೂ ಹಾಗೇ ಓಡಿದ.

ಪಂದ್ಯ ಸೋತೆವು. ಕಾರಿನ ಹತ್ತಿರ ಮ್ಯಾನೇಜರ್ ಯೋಚನೆಯಲ್ಲಿ ನಿಂತಿದ್ದರು. ಆಯ್ಕೆ ತಪ್ಪಾಯಿತು ಎನ್ನುತ್ತಾರೇನೋ ಎಂದು ಕಾದೆ.

"ಮುಂದಿನ ವರ್ಷ ಇವನನ್ನು ಮೊದಲ ಸುತ್ತಿನಲ್ಲೇ ತಗೊಳ್ಬೇಕು," ಎಂದರು. "ಇವತ್ತು ಎಲ್ಲರೂ ನೋಡಿದ್ದಾರೆ. ಬೇರೆಯವರು ಕೊಂಡೋಗ್ತಾರೆ."