ನಾನು ಸೇರಿಸಿದ ತತ್ತಿಗಳು

ಮೂರೇ ಮರಿಗಳನ್ನು ಕರೆದುಕೊಂಡು ಕೋಳಿ ಬುಟ್ಟಿಯಿಂದ ಇಳಿದು ಹೋಯಿತು. ಉಳಿದ ತತ್ತಿಗಳು ತಣ್ಣಗಾದವು. ಅಕ್ಕ ಒಂದನ್ನು ಒಡೆದಳು. ಒಳಗೆ ಪುಕ್ಕ ಮೂಡದ ಮರಿ ಸತ್ತಿತ್ತು.

ಕರ್ನಾಟಕ ಒಂದಾಯಿತೆಂದು ಅವತ್ತು ನಮ್ಮೂರು ಡೋಣಿಯಲ್ಲಿ ಸಕ್ಕರೆ ಹಂಚುತ್ತಿದ್ದರು. ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕನಿಗೆ ತನ್ನದೆಂದು ಇದ್ದದ್ದು ಆ ಕೋಳಿಯೊಂದೇ. ತತ್ತಿಗಳನ್ನೆಲ್ಲ ಒಂದೇ ದಿನ ಕಾವಿಗೆ ಇಡಬೇಕೆಂಬುದು ನನಗೆ ತಿಳಿದಿರಲಿಲ್ಲ. ಅಕ್ಕನಿಗೆ ಹೆಚ್ಚು ಮರಿಯಾಗಲೆಂದು, ಕೋಳಿ ಕಾವಿಗೆ ಕೂತು ವಾರ ಕಳೆದ ಮೇಲೆ ನೆರೆಮನೆಯ ತತ್ತಿಗಳನ್ನೂ ಗುಟ್ಟಾಗಿ ತಂದು ಅದರ ಕೆಳಗೆ ಸರಿಸಿದ್ದೆ. ಕೋಳಿಯ ಮೈ ಎಲ್ಲಕ್ಕೂ ಮುಟ್ಟಲಿಲ್ಲ. ಅಕ್ಕ ಕಾವಿಗೆ ಇಟ್ಟಿದ್ದವುಗಳಲ್ಲೂ ಮೂರು ಬಿಟ್ಟು ಉಳಿದವು ಕೆಟ್ಟವು.

“ತಮ್ಮಾ, ನೀ ಏನರ ತತ್ತಿ ಸೇರಿಸಿದೇನು?” ಎಂದು ಅಕ್ಕ ಕೇಳಿದಳು.

“ಇಲ್ಲಕ್ಕಾ” ಎಂದೆ.

ಅವ್ವ ಒಲೆಯ ಮುಂದಿನಿಂದಲೇ ಅಂದಳು: “ಇಕಿ ಕೈ ಹಚ್ಚಿದ್ದು ಯಾವ್ದು ಉಳದೈತಿ? ಗಂಡ ಉಳದನೇನು, ಮರಿ ಉಳ್ಯಾಕ?”

ನಾನು ಬಾಯಲ್ಲಿದ್ದ ಸಕ್ಕರೆ ನುಂಗಿದೆ.

ಅಕ್ಕ ಮತ್ತೆ ಕೋಳಿ ಸಾಕಲಿಲ್ಲ. ಮುಂದೆ ನನಗೆ ಮಗಳು ಹುಟ್ಟಿದಾಗ, “ತೊಗೋ ಅಕ್ಕಾ” ಎಂದು ಕೂಸನ್ನು ಮುಂದೆ ಹಿಡಿದೆ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಸರಿದಳು. ಆಗಲೂ ನಾನು ಖರೆ ಹೇಳಲಿಲ್ಲ. ಈಗ ಹೇಳೋಣವೆಂದರೆ ಅಕ್ಕ ಇಲ್ಲ.