ಕೋತಿಗೆ ತೋಡಿದ ಗುಂಡಿ

ಕೆಂಚಮಾರನಪಾಳ್ಯದಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೇಳಿಕಳಿಸುತ್ತಿದ್ದುದು ಮಾರಕ್ಕನಿಗೆ. ನೆಂಟರಿಗೆ ಫೋನು ಆಮೇಲೆ. ಹಾಡಿಕೊಂಡು ಅಳುವುದರಲ್ಲಿ ಹಾರೋಹಳ್ಳಿಯ ಸುತ್ತ ಏಳೂರಲ್ಲಿ ಅವಳ ಸಮಕ್ಕೆ ಇನ್ನೊಬ್ಬಳಿರಲಿಲ್ಲ. ಸತ್ತವರು ನೆಟ್ಟ ತೆಂಗಿನ ಮರ, ತೋಡಿಸಿದ ಬಾವಿ, ಸೊಂಟದ ಮೇಲೆ ಹೊತ್ತ ಮೊಮ್ಮಕ್ಕಳು, ಎಲ್ಲವನ್ನೂ ಹೆಸರಿಟ್ಟು ಕರೆದು ಅವಳು ದನಿ ಎತ್ತಿದಳೆಂದರೆ, ಅತ್ತೆಗೆ ಒಂದು ತುತ್ತು ಹಾಕದ ಸೊಸೆಯೂ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಆದರೆ ಮಾರಕ್ಕ ಹರಿಜನ ಕಾಲೊನಿಯವಳು. ಅಂಗಳದ ಆಚೆ, ತಿಪ್ಪೆಯ ಪಕ್ಕ ನಿಂತು ಅಳಬೇಕು. ಸಂಜೆಗೆ ಎರಡು ಸೇರು ರಾಗಿ ಸುರಿದು ಕಳಿಸುತ್ತಿದ್ದರು.

ಇಂಥವಳ ಗಂಡ ಹುಚ್ಚಯ್ಯ ಸತ್ತಾಗ ಮೇಲಿನ ಬೀದಿಯಿಂದ ಒಂದು ನರಪಿಳ್ಳೆ ಬರಲಿಲ್ಲ.

ಅದು ಎರಡು ಸಾವಿರದ ಏಳನೇ ಇಸವಿ. ಊರ ಸುತ್ತಲಿನ ಹೊಲಗಳಿಗೆಲ್ಲ ಕಾಂಪೌಂಡು ಏಳುತ್ತಿದ್ದ ಕಾಲ. ಹುಚ್ಚಯ್ಯ ಬಣ್ಣದ ಫ್ಯಾಕ್ಟರಿಯೊಂದರಲ್ಲಿ ಕಸ ಗುಡಿಸುತ್ತಿದ್ದ. ಅಲ್ಲಿಗೆ ಸೇರಿಸಿದವನು ಅನಂತರಾಜು. ಜಮೀನು ಮಾರಿ ಬಿಳಿ ಕಾರು ಕೊಂಡು, ಫ್ಯಾಕ್ಟರಿಗಳಿಗೆ ಆಳು ಒದಗಿಸುವ ಕಂಟ್ರಾಕ್ಟರನಾಗಿ, ಊರ ಯಜಮಾನಿಕೆಯನ್ನೂ ಹೆಗಲಿಗೆ ಹಾಕಿಕೊಂಡಿದ್ದವನು. ಒಂದು ಬೆಳಿಗ್ಗೆ ಕೊಳಕು ನೀರಿನ ಟ್ಯಾಂಕ್ ಕಟ್ಟಿಕೊಂಡಿತು. ಅಲ್ಲಿ ಮುನ್ನೂರು ಜನ ಕೆಲಸಕ್ಕಿದ್ದರು. ಸೂಪರ್‌ವೈಸರು ಇಳಿ ಅಂದದ್ದು ಹುಚ್ಚಯ್ಯನಿಗೆ. ಅವನಿಗೇ ಯಾಕೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತಲ್ಲ. ಇಳಿದವನು ಒಳಗಿನ ಗ್ಯಾಸಿಗೆ ಉಸಿರುಕಟ್ಟಿ ಅಲ್ಲೇ ಕುಸಿದ. ಮಧ್ಯಾಹ್ನದ ಹೊತ್ತಿಗೆ ಟೆಂಪೋದಲ್ಲಿ ಹೆಣ ತಂದು ಇಳಿಸಿ ಹೋದರು.

ಮಾರಕ್ಕ ಓಡಿಹೋಗಿ ಅನಂತರಾಜುವಿನ ಗೇಟಿನ ಹೊರಗೆ ನಿಂತಳು. "ಬುದ್ಧೀ, ಒಂದ್ ದಿವ್ಸ ಫ್ಯಾಕ್ಟ್ರಿ ಮುಂದೆ ಎಲ್ಲಾರೂ ಕುಂತ್ಕಳಾನ. ಊರೇ ಬಂದ್ರೆ ಅವ್ರು ಬಗ್ತಾರೆ."

"ಕುಡ್ದು ಇಳಿದ್ನಂತಲ್ಲಮ್ಮೀ. ಗೇಟ್ ಕಟ್ಟುದ್ರೆ ನಮ್ ಹೈಕ್ಳ ಕೆಲ್ಸ ಹೋಯ್ತದೆ."

ಹುಚ್ಚಯ್ಯ ಹೆಂಡ ಮುಟ್ಟಿದವನಲ್ಲ. ಅನಂತರಾಜುವಿಗೂ ಅದು ಗೊತ್ತಿತ್ತು. ಮಾರಕ್ಕ ಅದನ್ನೂ ನುಂಗಿಕೊಂಡು ಇನ್ನೊಂದು ಕೇಳಿದಳು. ಕಾಲೊನಿಯ ಮಸಣ ಫ್ಯಾಕ್ಟರಿಯ ಗೋಡೆಯೊಳಗೆ ಸೇರಿಹೋಗಿತ್ತು. ರಸ್ತೆ ಪಕ್ಕದ ಗೋಮಾಳದಲ್ಲಿ, ಹೊಂಗೆಮರದ ಹತ್ತಿರ, ಆರಡಿ ಜಾಗ ಬೇಕಿತ್ತು.

"ಗೋಮಾಳ ಸರ್ಕಾರದ್ದು. ಅಲ್ಲಿ ಹೆಣ ಹೂಣಂಗಿಲ್ಲ. ದೇವ್ರು ಮೆರೆಯೋ ದಾರಿ ಬೇರೆ ಅದು," ಅಂದು ಅನಂತರಾಜು ಒಳಗೆ ಹೋದ.

ಕೊನೆಗೆ ಹುಚ್ಚಯ್ಯನನ್ನು ಫ್ಯಾಕ್ಟರಿಯ ಹಿಂದಿನ ಹಳ್ಳದ ದಂಡೆಗೆ ಹಾಕಿದರು. ಅಲ್ಲಿ ಒಂದು ದಿನ ಕೆಂಪು ನೀರು, ಒಂದು ದಿನ ನೀಲಿ ನೀರು. ಮೊದಲ ಮಳೆಗೇ ದಂಡೆ ಕುಸಿಯತೊಡಗಿತು. ಮಾರಕ್ಕ ವಾರಕ್ಕೊಮ್ಮೆ ಹೋಗಿ ಕಲ್ಲು ಪೇರಿಸಿ ಬರುತ್ತಿದ್ದಳು, ಅವು ಜಾರುತ್ತಿದ್ದವು. ಇನ್ನೊಂದು ಮಳೆಗಾಲ ಬಂದರೆ ಗಂಡ ಹಳ್ಳದ ಪಾಲು. ಅಷ್ಟರೊಳಗೆ ಅವನಿಗೊಂದು ಗಟ್ಟಿ ನೆಲ ಸಿಗಬೇಕು ಅನ್ನುವುದೊಂದೇ ಅವಳ ತಲೆಯಲ್ಲಿ ಕೂತಿತ್ತು.

ಮರುವರ್ಷ ಮಾವಿನ ಕಾಲದಲ್ಲಿ ಅದೇ ಫ್ಯಾಕ್ಟರಿಯ ಟ್ರಾನ್ಸ್‌ಫಾರ್ಮರ್ ಮೇಲೆ ಕರೆಂಟು ಹೊಡೆದು ಒಂದು ಕೋತಿ ಸತ್ತಿತು.

ಆಗ ನೋಡಬೇಕಿತ್ತು ಈ ಊರಿನ ಕರುಣೆಯನ್ನು! ಹಿಂದಿನ ದಿನದವರೆಗೆ ಅದಕ್ಕೆ ಕಲ್ಲು ಬೀಸಿದ ಕೈಗಳೇ ಅದನ್ನು ರೇಷ್ಮೆ ಶಲ್ಯದಲ್ಲಿ ಸುತ್ತಿದವು. ಸಾಯುವ ಗಳಿಗೆಯವರೆಗೆ ಕೋತಿಯಾಗಿದ್ದದ್ದು ಬೀಳುತ್ತಲೇ ಆಂಜನೇಯಸ್ವಾಮಿಯಾಯಿತು. ಅನಂತರಾಜು ಮುಂದೆ ನಿಂತು ಕನಕಪುರ ರಸ್ತೆಗೆ ಟಯರ್ ಹಾಕಿಸಿ ಸುಡಿಸಿದ. ಮೂರು ಗಂಟೆ ಬಸ್ಸು ಹಂದಾಡಲಿಲ್ಲ. "ಕೊಲೆಗಡುಕ ಫ್ಯಾಕ್ಟರಿಗೆ ಧಿಕ್ಕಾರ" ಅಂತ ಕೂಗಿದವರಲ್ಲಿ ಹುಚ್ಚಯ್ಯನನ್ನು ಟ್ಯಾಂಕಿಗೆ ಇಳಿಸಿದ ಸೂಪರ್‌ವೈಸರನೂ ಇದ್ದ. ಮ್ಯಾನೇಜರು ಬರಿಗಾಲಲ್ಲಿ ಬಂದು ಕೈಮುಗಿದು, ಗುಡಿ ಕಟ್ಟಿಸಿಕೊಡುವುದಾಗಿ ಒಪ್ಪಿಕೊಂಡ. ಗುಂಡಿ ತೋಡುವ ಜಾಗವೂ ಗೊತ್ತಾಯಿತು: ಗೋಮಾಳ, ಹೊಂಗೆಮರದ ಹತ್ತಿರ. ಸರ್ಕಾರದ ಜಾಗ ಅನ್ನುವುದು ಅವತ್ತು ಯಾರ ನೆನಪಿಗೂ ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅನಂತರಾಜು ಕಾಲೊನಿಯ ಹೊರಗೆ ಕಾರು ನಿಲ್ಲಿಸಿ ಕೂಗಿದ. "ಮಾರಕ್ಕಾ, ಸ್ವಾಮಿಗೆ ನೀನೇ ಅಳ್ಬೇಕು. ಮೈಕ್ ಹಾಕ್ಸಿವ್ನಿ. ಪೇಪರ್ನೋರೂ ಬತ್ತಾವ್ರೆ."

ಮಾರಕ್ಕನಿಗೆ ಉಗಿದುಬಿಡಬೇಕು ಅನ್ನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ಎಲ್ಲಿ ಹೂಣ್ತೀರಿ ಬುದ್ಧೀ?"

"ಗೋಮಾಳ್ದಲ್ಲಿ."

"ಬತ್ತೀನಿ ನಡೀರಿ," ಅಂದಳು.

ಗೋಮಾಳದಲ್ಲಿ ಮುನ್ನೂರು ಜನ ಸೇರಿದ್ದರು. ದೇವರ ಗುಂಡಿಯಾದ್ದರಿಂದ ಮೇಲಿನ ಬೀದಿಯ ಹುಡುಗರೇ ಮಿಂದು, ಒದ್ದೆ ಪಂಚೆಯಲ್ಲಿ ಗುದ್ದಲಿ ಹಿಡಿದು ತೋಡಿದ್ದರು. ಗುಂಡಿಯನ್ನು ಗಂಜಲ ಚಿಮುಕಿಸಿ ಶುದ್ಧ ಮಾಡಿದ್ದ ಪೂಜಾರಿ ಬಸವಯ್ಯ ಊದುಬತ್ತಿ ಹಚ್ಚುತ್ತಿದ್ದ. ಸತ್ತು ಎರಡನೆಯ ದಿನ, ಬಿಸಿಲು ಬೇರೆ. ಹೂವಿನ ರಾಶಿಯ ಕೆಳಗಿಂದ ಸ್ವಾಮಿ ಆಗಲೇ ನಾರುತ್ತಿದ್ದ. ಮಾರಕ್ಕನಿಗೆ ದೂರದಲ್ಲಿ, ಹೊಂಗೆಮರದ ಬುಡದಲ್ಲಿ ಮೈಕು ನಿಲ್ಲಿಸಿದ್ದರು.

ಅವಳು ಮೈಕಿನ ಮುಂದೆ ನಿಲ್ಲಲಿಲ್ಲ. ನೇರ ಜನರೊಳಗೆ ನಡೆದಳು. ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿ ಬಂದವರು ಮೈ ತಾಕೀತೆಂದು ಪಂಚೆ ಎತ್ತಿಕೊಂಡು ಹಿಂದೆ ಸರಿದರು, ಹೆಂಗಸರು ಸೆರಗು ಎಳೆದುಕೊಂಡರು. ದಾರಿ ತಾನಾಗಿ ಬಿಟ್ಟುಕೊಂಡಿತು. ಹತ್ತೇ ಹೆಜ್ಜೆ. ಮಾರಕ್ಕ ಗುಂಡಿಗೆ ಇಳಿದು, ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

"ಏಯ್! ಮೇಲಕ್ಕೆ ಬಾರೇ!" ಅನಂತರಾಜು ಕಿರುಚಿದ.

"ಬಂದು ಎತ್ತು."

ಅನಂತರಾಜು ಒಂದು ಹೆಜ್ಜೆ ಇಟ್ಟು ನಿಂತ. ಬಂದೋಬಸ್ತಿಗೆ ಬಂದಿದ್ದ ಪೇದೆಯ ಕಡೆ ನೋಡಿದ. ಪೇದೆ, "ನಿಮ್ಮೂರೋಳು, ನೀವೇ ಎತ್ಕಳಿ," ಅಂದ. ಪೇಪರಿನವನು ಕ್ಯಾಮೆರಾ ಎತ್ತಿದ್ದ. ಮುನ್ನೂರು ಜನರಲ್ಲಿ ಅವಳ ರೆಟ್ಟೆ ಹಿಡಿಯುವ ಒಂದು ಕೈ ಇರಲಿಲ್ಲ. ತಲೆತಲಾಂತರದಿಂದ ಮುಟ್ಟದೆ ಕಾಪಾಡಿಕೊಂಡು ಬಂದಿದ್ದ ಕೈಗಳು.

"ಅನಂತರಾಜು," ಅಂದಳು ಮಾರಕ್ಕ. ಬುದ್ಧಿ ಗಿದ್ಧಿ ಎಲ್ಲ ಬಿಟ್ಟು ಬರೀ ಹೆಸರು. "ಹೋದ್ ವರ್ಸ ಇಲ್ಲಿ ಹೆಣ ಹೂಣಂಗಿಲ್ಲ ಅಂದೆ. ಇದೇನು?"

"ಅದು ದೇವ್ರು ಕಣೇ!"

"ಮೊನ್ನೆಗಂಟ ನಿನ್ ಮಾವಿನ ತೋಪಲ್ಲಿ ಈ ದೇವ್ರಿಗೆ ಪಟಾಕಿ ಹೊಡೀತಿದ್ಯಲ್ಲ. ನಾನೇ ನೋಡಿವ್ನಿ. ಇದು ಸತ್ರೆ ರೋಡಿಗೆ ಬೆಂಕಿ ಹಾಕ್ದೆ. ನನ್ ಗಂಡ ಸತ್ತಾಗ ಕುಡುಕ ಅಂದೆ. ಅವ್ನು ನಿನ್ ಲೆಕ್ಕದಲ್ಲಿ ಕೋತಿಗಿಂತ ಕಡೆ, ಅಲ್ವಾ? ಇರ್ಲಿ. ಅವ್ನ ಇಲ್ಲಿಗೆ ತರೋಗಂಟ ನಾನು ಏಳಾಕಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಅನಂತರಾಜುವಿನ ಮುಖ ಕಪ್ಪಿಟ್ಟಿತು. ಬೈಗುಳ ಶುರುವಾಯಿತು, ಅವಳ ಅವ್ವ ಅಪ್ಪ ಯಾರನ್ನೂ ಬಿಡಲಿಲ್ಲ. ಒಬ್ಬ ಮಣ್ಣು ಎಸೆದ. ಮಾರಕ್ಕ ತಲೆ ಕೊಡವಿಕೊಂಡು ಹಾಗೇ ಕೂತಿದ್ದಳು. ಕೊನೆಗೆ ಬಸವಯ್ಯನೇ ಮೂಗಿಗೆ ಟವಲು ಒತ್ತಿಕೊಂಡು ಹೇಳಿದ. "ಎಳೆದು ಏನು ಪ್ರಯೋಜನ? ಗುಂಡಿ ಮೈಲಿಗೆ ಆಯ್ತು. ಸ್ವಾಮೀನ ಇದರಲ್ಲಿ ಇಡಂಗಿಲ್ಲ. ಆ ಕಡೆ ಬೇರೆ ತೋಡಿ, ಬೇಗ. ವಾಸ್ನೆ ತಡೆಯೋಕಾಗ್ತಿಲ್ಲ."

ಹುಡುಗರು ಐವತ್ತು ಅಡಿ ಆಚೆ ಹೋಗಿ ಗಟ್ಟಿ ನೆಲವನ್ನು ಮತ್ತೆ ಅಗೆದರು. ಸುಸ್ತಾಗಿ ಅರ್ಧ ಆಳಕ್ಕೇ ಬಿಟ್ಟರು. ಕೋತಿಯನ್ನು ಅದರಲ್ಲಿಟ್ಟು, ಮಣ್ಣೆಳೆದು, ತೆಂಗಿನಕಾಯಿ ಒಡೆದು ಮನೆಗೆ ಹೋದರು.

ಮಾರಕ್ಕ ಕೂತೇ ಇದ್ದಳು. ಹೊತ್ತು ಇಳಿಯುವಾಗ, ಸುದ್ದಿ ಮುಟ್ಟಿದ ಹುಚ್ಚಯ್ಯನ ತಮ್ಮ ಮುನಿಯಪ್ಪನೂ ಕಾಲೊನಿಯ ನಾಲ್ವರೂ ಹಳ್ಳದ ದಂಡೆಯಿಂದ ಉಳಿದಷ್ಟನ್ನು ಬಿದಿರು ಕುಕ್ಕೆಯಲ್ಲಿ, ಬಿಳಿ ಬಟ್ಟೆ ಮುಚ್ಚಿ ತಂದರು. ಆಗ ಅವಳು ಮೇಲೆ ಬಂದಳು. ಕಾಲು ಮರಗಟ್ಟಿ ನಿಲ್ಲಲಾರದೆ ಗುಂಡಿಯ ಅಂಚಿನಲ್ಲಿ ಕೂತು, ಅವನು ಗುಡಿಸಿದ ಫ್ಯಾಕ್ಟರಿ, ಅವನು ಇಳಿದ ಟ್ಯಾಂಕು, ಅವನು ಕುಡಿಯದ ಹೆಂಡ, ಎಲ್ಲವನ್ನೂ ಹೆಸರಿಟ್ಟು ಕರೆದು ಅತ್ತಳು. ಅವಳು ಹಾಡಿಕೊಂಡು ಅತ್ತದ್ದು ಅದೇ ಕೊನೆ.

ಗೋರಿ ತೆಗೆಸಬೇಕೆಂದು ಅನಂತರಾಜು ಅರ್ಜಿ ಬರೆಸಿಕೊಂಡು ಕನಕಪುರದ ತಾಲ್ಲೂಕು ಕಚೇರಿಗೆ ಹೊರಟವನು ಅರ್ಧ ದಾರಿಗೇ ತಿರುಗಿದ. ಗೋಮಾಳದಲ್ಲಿ ಗೋರಿ ಅಕ್ರಮವಾದರೆ ಗುಡಿಯೂ ಅಕ್ರಮ, ಅಷ್ಟು ಲೆಕ್ಕ ಅವನಿಗೆ ಬರುತ್ತಿತ್ತು. ಫ್ಯಾಕ್ಟರಿಯವರು ಗುಡಿ ಕಟ್ಟಿಸಿಕೊಟ್ಟರು. ಬಾಗಿಲು ತೆರೆದರೆ ಎದುರಿಗೆ ಹುಚ್ಚಯ್ಯನ ಗೋರಿ ಕಾಣುತ್ತದೆಂದು ಬಾಗಿಲನ್ನು ಆಚೆ ಕಡೆಗೆ ಇಟ್ಟರು.

ಎರಡು ವರ್ಷಕ್ಕೆ ಅನಂತರಾಜುವಿನ ತಾಯಿ ತೀರಿಕೊಂಡಳು. ನೆಂಟರು ಕಾರು ಕಾರಾಗಿ ಬಂದಿಳಿದಿದ್ದರು, ಅಳುವವರಿರಲಿಲ್ಲ. ಅನಂತರಾಜು ತಾನೇ ಕಾಲೊನಿಗೆ ಬಂದ. ಈ ಸಲ ಕಾರಿನಿಂದಿಳಿದು ಮಾರಕ್ಕನ ಬಾಗಿಲವರೆಗೂ ನಡೆದ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ನಮ್ಮವ್ವ ಹೋಗ್ಬುಟ್ಳು ಮಾರಕ್ಕ. ಒಸಿ ಬಾ."

ಮಾರಕ್ಕ ಮೊರ ನಿಲ್ಲಿಸಲಿಲ್ಲ. "ಕೋತಿಗೆ ಅತ್ತೋರು ಮುನ್ನೂರು ಜನ ಅವ್ರಲ್ಲ," ಅಂದಳು, "ಅವ್ರನ್ನೇ ಕರ್ಕೋ."

ಅವತ್ತು ಆ ದೊಡ್ಡ ಮನೆಯಿಂದ ಹೆಣ ಸದ್ದಿಲ್ಲದೆ ಎದ್ದಿತು.