ಅಕ್ಕನ ಲಿವರು, ನನ್ನ ಹೊಟ್ಟೆ

ಕೊಚ್ಚಿ ಹತ್ತಿರದ ಆಲುವದ ಸ್ಕ್ಯಾನಿಂಗ್ ಕೇಂದ್ರದ ಹೊರಗೆ ಖಾಲಿ ಹೊಟ್ಟೆಯಲ್ಲಿ ಕೂತಿದ್ದೇನೆ. ಎದುರಿನ ಚಹಾದಂಗಡಿಯಲ್ಲಿ ಪಳಂಪೊರಿ ಕರಿಯುತ್ತಿದ್ದಾರೆ. ಹಿಟ್ಟಿನಲ್ಲಿ ಅದ್ದಿದ ನೇಂದ್ರ ಬಾಳೆಹಣ್ಣು ಎಣ್ಣೆಗೆ ಬಿದ್ದಾಗಿನ ಆ ವಾಸನೆ ನಿಮಗೂ ಗೊತ್ತಿರಬಹುದು. ಕೊಚ್ಚಿಯ ವಕೀಲನಾದ ನನ್ನ ವಾದಗಳೆಲ್ಲ ಅದರ ಮುಂದೆ ಬಿದ್ದುಹೋಗುತ್ತವೆ. ಅಕ್ಕನಿಗೂ ಅದೆಂದರೆ ಪ್ರಾಣ.

ನಾವು ಕಾಸರಗೋಡಿನವರು. ಅಕ್ಕ ತಿರುವನಂತಪುರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾಳೆ. ಅವಳು ಬಸುರಿಯಾಗಿದ್ದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇದೆಯೆಂದು ತಿಳಿಯಿತು. ಮನೆಯವರೆಲ್ಲ ಪರೀಕ್ಷೆ ಮಾಡಿಸಿದೆವು. ಅಮ್ಮನಲ್ಲೂ ಇತ್ತು, ನನ್ನಲ್ಲೂ. ನಾವು ಹುಟ್ಟುವಾಗಲೇ ಅಮ್ಮನಿಂದ ಬಂದಿರಬೇಕು ಎಂದರು ಡಾಕ್ಟರು. ಅಕ್ಕನ ಮಗಳಿಗೆ ಹುಟ್ಟಿದೊಡನೆ ಚುಚ್ಚುಮದ್ದು ಕೊಟ್ಟರು, ಅವಳು ಪಾರಾದಳು.

ಅಂದಿನಿಂದ ಅಕ್ಕ ವೈರಸ್ಸನ್ನು ಅಡಗಿಸುವ ಮಾತ್ರೆ ತಪ್ಪಿಸಿದವಳಲ್ಲ. ನನಗೆ ಮಾತ್ರೆ ಬೇಡ, ಆಗಾಗ ಪರೀಕ್ಷೆ ಸಾಕು ಎಂದಿದ್ದರು. ಅದನ್ನೂ ನಾನು ಕೋರ್ಟಿನ ವಾಯಿದೆಯಂತೆ ಮುಂದಕ್ಕೆ ಹಾಕುತ್ತಿದ್ದೆ. ಅಷ್ಟರಲ್ಲಿ ಅಕ್ಕನಿಗೆ ಸಕ್ಕರೆ ಕಾಯಿಲೆ ಬಂತು, ಮೈಯೂ ಬಂತು. ತೂಕ ಇಳಿಸಿ ಎಂದು ಡಾಕ್ಟರು ಹೇಳಿದರೆ ನಗುತ್ತಿದ್ದಳು. “ವೈರಸ್ ಸುಮ್ಮನೆ ಉಂಟಲ್ಲ, ಇನ್ನೆಂತ ಹೆದರಿಕೆ?”

ಕಳೆದ ವರ್ಷ ಅವಳ ಲಿವರಿನಲ್ಲಿ ಸಣ್ಣ ಗಡ್ಡೆ ಕಂಡಿತು. ಕ್ಯಾನ್ಸರ್. ಬೇಗ ಕಂಡದ್ದರಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ನಾನು ಡಾಕ್ಟರನ್ನೇ ಪಾಟೀಸವಾಲಿಗೆ ಎಳೆದೆ. “ವೈರಸ್ ಅಡಗಿತ್ತಲ್ಲ? ಇವಳು ಕುಡಿದವಳೂ ಅಲ್ಲ.”

“ಅಡಗಿದೆ, ಹೋಗಿಲ್ಲ,” ಎಂದು ಅವರು ಮಲಯಾಳದಲ್ಲಿ ವಿವರಿಸಿದರು. “ಮಾತ್ರೆಯಿಂದ ಅಪಾಯ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಜೊತೆ ಸೇರಿದರೆ ಮತ್ತೆ ಹೆಚ್ಚುತ್ತದೆ. ಆದರೆ ಇವರಿಗೆ ಅದರಿಂದಲೇ ಬಂತೆಂದು ಹೇಗೆ ಹೇಳಲಿ?”

ತೀರ್ಪೇ ಇಲ್ಲದ ಆ ಉತ್ತರ ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ ಅಕ್ಕ ನನ್ನ ಡೊಳ್ಳುಹೊಟ್ಟೆಯನ್ನೇ ನೋಡುತ್ತ, “ಒಂದೇ ಅಮ್ಮ, ಒಂದೇ ವೈರಸ್. ನಂಗೇ ಯಾಕೆ ಮಾರಾಯ?” ಎಂದಳು. ಹೊಟ್ಟೆಕಿಚ್ಚಿನಿಂದಲ್ಲ, ನಿಜಕ್ಕೂ ತಿಳಿಯದೆ. ಅಂದಿನಿಂದ ನಾನು ಪರೀಕ್ಷೆಗೆ ವಾಯಿದೆ ಕೇಳಿಲ್ಲ.

ಇವತ್ತು ಸ್ಕ್ಯಾನ್ ಮುಗಿದು ವರದಿ ಕೈಗೆ ಬಂತು. ನನ್ನ ಲಿವರಿನಲ್ಲಿ ಕೊಬ್ಬಿದೆ, ಗಡ್ಡೆ ಇಲ್ಲ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಅಳುವುದು ಕೇಳಿಸಿತು.

“ಖುಷಿಗಾ ಅಕ್ಕ?”

“ಗೊತ್ತಾಗುದಿಲ್ಲ ಮಾರಾಯ. ನೀನು ಫೋನ್ ಇಡಬೇಡ.”

ಇಡಲಿಲ್ಲ. ಅವಳ ಅಳು ನಿಲ್ಲುವವರೆಗೂ, ಎಲ್ಲಿಗೆ ಹೋಗುತ್ತಿದ್ದೇನೆಂದು ಗೊತ್ತಿಲ್ಲದೆ, ಬಿಸಿಲಿನಲ್ಲಿ ನಡೆಯುತ್ತಲೇ ಇದ್ದೆ.